ಮಣಿಕಟ್ಟಿನ ಮೇಲೊಂದು ಹನಿ

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಈಗಲೂ ಒಮ್ಮೊಮ್ಮೆ ನನ್ನ ಹತ್ತಿರ ಬಂದು, "ಮೇಡಂ, ಮೊದ್ಲು ಯಾವ ಟೆಕ್ನಿಕ್ ಕಲೀಬೇಕು?" ಎಂದು ಕೇಳುತ್ತಾರೆ. ನಾನು ಯಾವುದೋ ದೊಡ್ಡ ಯಂತ್ರದ ಹೆಸರು ಹೇಳುತ್ತೇನೆಂದು ಕಾಯುತ್ತಿರುತ್ತಾರೆ. ಬಾಟಲಿ ಮುಟ್ಟಿ ನೋಡುವುದನ್ನು ಕಲಿಯಿರಿ ಎಂದರೆ ಮುಖ ಸಪ್ಪಗಾಗುತ್ತದೆ. ಮುದುಕಿಗೆ ಅರಳು ಮರಳು ಎಂದುಕೊಂಡು ಹೋದವರೂ ಇರಬಹುದು. ಅವರಿಗೆ ನಿಂತ ನಿಲುವಿನಲ್ಲಿ ಹೇಳಲಾಗದ ಮಾತನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ನನ್ನ ಊರು ಹೂಡಿ. ಅಪ್ಪ ದ್ರಾಕ್ಷಿ, ಕೊತ್ತಂಬರಿ ಬೆಳೆಯುತ್ತಿದ್ದರು. ತೊಂಬತ್ತರ ದಶಕ ಆರಂಭವಾಗುವ ಹೊತ್ತಿಗೆ ಬಿ.ಎಸ್ಸಿ. ಮುಗಿಸಿ, ದಂಡು ರೈಲ್ವೆ ನಿಲ್ದಾಣದ ಹಿಂಭಾಗದ ಹಳೆಯ ಬಂಗಲೆಯೊಂದರಲ್ಲಿದ್ದ ವೈರಸ್ ಪ್ರಯೋಗಾಲಯಕ್ಕೆ ತಾಂತ್ರಿಕ ಸಹಾಯಕಿಯಾಗಿ ಸೇರಿದೆ. ಅದರ ಹೆಸರು ಇಲ್ಲಿ ಬೇಡ. ಅಮ್ಮನಿಗೆ ಈ ಕೆಲಸ ಕಡೆಯವರೆಗೂ ಅರ್ಥವಾಗಲಿಲ್ಲ. "ಲೋಕದೋರೆಲ್ಲ ರೋಗ ಓಡ್ಸೋಕೆ ಒದ್ದಾಡ್ತಾರೆ, ನೀನು ಸಂಬಳ ಇಸ್ಕೊಂಡು ರೋಗ ಸಾಕ್ತೀಯಲ್ಲೇ ವನಜಾ," ಎನ್ನುತ್ತಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಕ್ಕಳಿಗೆ ಬರುವ ಮಿದುಳು ಜ್ವರದ ವೈರಸ್ಸನ್ನು ಸಾಕಿ, ಅದು ಜೀವಕೋಶದ ಒಳಗೆ ಹೋಗುವುದು ಹೇಗೆ ಎಂದು ನೋಡುವುದೇ ನಮ್ಮ ಕೆಲಸ. ಕಳ್ಳ ಯಾವ ಕಡೆಯಿಂದ ಬರುತ್ತಾನೆಂದು ತಿಳಿದರೆ ಅಲ್ಲಿ ಬೀಗ ಹಾಕಬಹುದಲ್ಲ, ಅಷ್ಟೇ ಆಸೆ.

ಸಾಕುವುದಕ್ಕೆ ಜೀವಂತ ಕೋಶಗಳು ಬೇಕು. ಮಂಗದ ಮೂತ್ರಪಿಂಡದಿಂದ ಬಂದ ಕೋಶಗಳು ಗಾಜಿನ ಫ್ಲಾಸ್ಕಿನ ತಳದಲ್ಲಿ ಹರಡಿಕೊಂಡು ಬೆಳೆಯುತ್ತವೆ. ಅವುಗಳಿಗೆ ಹೊತ್ತು ಹೊತ್ತಿಗೆ ಊಟ, ಸ್ವಚ್ಛ ಮಾಡಲು ಹದವಾದ ಉಪ್ಪುನೀರು, ಮೈ ಬಿಸಿಯಷ್ಟು ಬೆಚ್ಚಗಿನ ಕಪಾಟು. ಇದನ್ನೆಲ್ಲ ನನಗೆ ಕಲಿಸಿದವರು ಮೇರಿಯಮ್ಮ. ಹಲಸೂರು ಕೆರೆಯ ಹಿಂದಿನ ಓಣಿಯವರು, ಮನೆಮಾತು ತಮಿಳು, ಬಿಳಿ ಸೀರೆಗೆ ಇಸ್ತ್ರಿ ಹಾಕದೆ ಮನೆಯಿಂದ ಹೊರಟವರಲ್ಲ. ಪ್ರಯೋಗಾಲಯದ ಕೋಶಗಳೆಲ್ಲ ಅವರಿಗೆ ಕುಳಂದೆಗಳು, ಅಂದರೆ ಕೂಸುಗಳು. ನನ್ನಂಥ ಚಿಕ್ಕವರನ್ನು ತಮಿಳಿನವರ ಹಾಗೆ ಮುದ್ದಿನಿಂದ "ಕಣ್ಣು" ಎನ್ನುತ್ತಿದ್ದರು.

ಮೊದಲ ದಿನವೇ ನಾನು ಫ್ರಿಜ್ಜಿನಿಂದ ಉಪ್ಪುನೀರಿನ ಬಾಟಲಿ ತೆಗೆದು ಹಾಗೇ ಕೋಶಗಳ ಮೇಲೆ ಸುರಿಯಲು ಹೊರಟಿದ್ದೆ. ಮೇರಿಯಮ್ಮ ನನ್ನ ಕೈ ಹಿಡಿದರು.

"ಏನ್ ಕಣ್ಣು, ನಿಮ್ಮನೇಲಿ ಹಸುಗೂಸಿಗೆ ತಣ್ಣೀರ್ ಹಾಕ್ತಾರಾ?"

"ಇಲ್ಲ ಮೇಡಂ."

"ಮತ್ತೆ ನನ್ನ ಕುಳಂದೆಗೆ ಯಾಕ್ ಹಾಕ್ತೀಯಾ?"

ಬಾಟಲಿಯನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು, ಕಾದ ಮೇಲೆ ಒಂದು ಹನಿಯನ್ನು ತಮ್ಮ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟುಕೊಂಡರು. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ, ಹನಿ ಬಿದ್ದದ್ದೇ ಗೊತ್ತಾಗಬಾರದು, ಹಾಗಿರಬೇಕು. ಕೂಸಿಗೆ ಹಾಲು ಕುಡಿಸುವ ಮುನ್ನ ತಾಯಂದಿರು ನೋಡುವ ಹಾಗೆ. ಆ ಪ್ರಯೋಗಾಲಯದಲ್ಲಿ ಮುಖ್ಯಸ್ಥರಿಂದ ಹಿಡಿದು ನನ್ನವರೆಗೆ ಎಲ್ಲರೂ ಹೀಗೇ ಕಲಿತವರು. ಯಾರ ಕೈಗೆ ಬಾಟಲಿ ಬಂದರೂ ಮೊದಲು ಮಣಿಕಟ್ಟಿಗೆ ಒಂದು ಹನಿ. ಈಗ ಹಾಗೆ ಮಾಡಿದರೆ ಸುರಕ್ಷತಾ ಸಮಿತಿಯವರು ಕತ್ತು ಹಿಡಿದು ಆಚೆ ದಬ್ಬುತ್ತಾರೆ, ದಬ್ಬಬೇಕಾದ್ದೇ. ಆದರೆ ಬೇರೆ ಕಡೆ ತಿಂಗಳಿಗೊಮ್ಮೆ ಫ್ಲಾಸ್ಕುಗಳೆಲ್ಲ ಸತ್ತು ಕೂತಾಗ ನಮ್ಮಲ್ಲಿಗೆ ಬಂದು ಕೋಶ ಕೇಳಿಕೊಂಡು ಹೋಗುತ್ತಿದ್ದರು. ಮೇರಿಯಮ್ಮನ ಕೈಯ ಕೂಸು ಸಾಯುವುದಿಲ್ಲ ಎಂಬುದು ಊರಿಗೇ ತಿಳಿದಿತ್ತು.

ಆ ಕಾಲದ ಕೆಲಸದ ಸೊಗಸೇ ಬೇರೆ. ಬಂಗಲೆಯ ಹಿತ್ತಲಿನಲ್ಲಿ ನಾವು ಹೆಬ್ಬಾತುಗಳನ್ನು ಸಾಕಿದ್ದೆವು. ನಮ್ಮ ವೈರಸ್ ಇದ್ದರೆ ಹೆಬ್ಬಾತಿನ ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಇಲ್ಲದಿದ್ದರೆ ತಳದಲ್ಲಿ ಗುಂಡಗೆ ಬಂದು ಕೂರುತ್ತವೆ. ಹಾಗಾಗಿ ಆಗಾಗ ಅವುಗಳ ರೆಕ್ಕೆಯಿಂದ ಒಂದಿಷ್ಟು ರಕ್ತ ತೆಗೆಯಬೇಕು. ಹಳ್ಳಿಯವಳೆಂಬ ಏಕೈಕ ಅರ್ಹತೆಯ ಮೇಲೆ ಹೆಬ್ಬಾತು ಹಿಡಿಯುವ ಹೊಣೆ ನನ್ನ ತಲೆಗೆ ಬಿತ್ತು. ದೆಹಲಿಯಿಂದ ತಪಾಸಣಾ ಸಮಿತಿ ಬಂದ ದಿನವೇ ಒಂದು ಗಂಡು ಹೆಬ್ಬಾತು ಗೇಟು ದಾಟಿ ಓಡಿ, ದಂಡು ನಿಲ್ದಾಣದ ಪ್ಲಾಟ್‌ಫಾರಂ ಹತ್ತಿಬಿಟ್ಟಿತು. ಬಿಳಿ ಕೋಟು ಹಾಕಿಕೊಂಡು ನಾನು ಅದರ ಹಿಂದೆ, ನನ್ನ ಹಿಂದೆ ಒಬ್ಬ ಟಿಕೆಟ್ ಪರೀಕ್ಷಕ. ಅದನ್ನು ದುಪಟ್ಟಾದಲ್ಲಿ ಸುತ್ತಿ ಕಂಕುಳಿಗೇರಿಸಿಕೊಂಡ ಮೇಲೆ ಆತ ಗಂಭೀರವಾಗಿ, "ನಿಮ್ದು ಪ್ಲಾಟ್‌ಫಾರಂ ಟಿಕೆಟ್ ಎಲ್ಲಮ್ಮಾ? ಹೆಬ್ಬಾತು ಬಿಡಿ, ಅದಕ್ಕೆ ಹಾಫ್ ಟಿಕೆಟೂ ಬೇಡ," ಎಂದ. ವಾಪಸು ಬಂದಾಗ ಸಮಿತಿಯವರು ವರಾಂಡದಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ನಮ್ಮ ಮುಖ್ಯಸ್ಥ ಡಾ. ಸೀತಾಪತಿಯವರು ಯಾರ ಮುಂದೆಯೂ ನಗದವರು, ಅವತ್ತು ಬಾಗಿಲ ಹಿಂದೆ ಹೋಗಿ ನಕ್ಕರು.

ಸೀತಾಪತಿಯವರ ವಿಷಯ ಹೇಳಲೇಬೇಕು. ಎತ್ತರದ ಆಳು, ಮೂಗಿನ ತುದಿಯಲ್ಲಿ ಕನ್ನಡಕ, ಅದಕ್ಕಿಂತ ಮುಂದೆ ಕೋಪ. "ಬುದ್ಧಿ ಮನೇಲಿ ಬಿಟ್ ಬಂದ್ರೇನ್ರೀ?" ಎನ್ನುವುದು ಅವರ ಬೆಳಗಿನ ನಮಸ್ಕಾರ. ಆದರೆ ನನ್ನಂಥ ಸಹಾಯಕಿಯನ್ನೂ ಕರೆದು ಕೂರಿಸಿ, ಇವತ್ತಿನ ಪ್ರಯೋಗ ಯಾಕೆ ಮಾಡುತ್ತಿದ್ದೇವೆಂದು ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತಿದ್ದರು. ಬೇರೆ ಯಾವ ಪ್ರಯೋಗಾಲಯದಲ್ಲೂ ಅಷ್ಟು ಮರ್ಯಾದೆ ನನಗೆ ಸಿಗುತ್ತಿರಲಿಲ್ಲ. ಬೈಗುಳವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಪಾಠವನ್ನು ಮಾತ್ರ ಉಳಿಸಿಕೊಂಡೆ.

ಅವರ ಆ ಕರಿಹಲಗೆಯ ಪಾಠವನ್ನು ನಾನೂ ಇಲ್ಲಿ ಚಿಕ್ಕದಾಗಿ ಹೇಳಿಬಿಡುತ್ತೇನೆ, ಮುಂದಿನ ಕಥೆಗೆ ಬೇಕು. ವೈರಸ್ ಕೋಶದೊಳಗೆ ಹೋಗಲು ಎರಡು ದಾರಿ ಇರಬಹುದು. ಒಂದು, ತಾನೇ ಗೋಡೆ ಕೊರೆದು ನೇರ ನುಗ್ಗುವುದು. ಇನ್ನೊಂದು, ಬಾಗಿಲಿಗೆ ಅಂಟಿ ಕೂತಿದ್ದು, ಕೋಶವೇ ಅದನ್ನು ತಿನಿಸೆಂದು ಭಾವಿಸಿ ಚಿಕ್ಕ ಚೀಲದೊಳಗೆ ನುಂಗಿಕೊಂಡಾಗ ಒಳಗೆ ಸೇರುವುದು. ಯಾವುದೆಂದು ತಿಳಿಯಲು ಆಗ ಇದ್ದ ಉಪಾಯ ಮಂಜುಗಡ್ಡೆ. ತಣ್ಣಗಾದ ಕೋಶ ಮಂಕಾಗುತ್ತದೆ, ಏನನ್ನೂ ನುಂಗುವುದಿಲ್ಲ. ವೈರಸ್ ಬಾಗಿಲಿಗೆ ಅಂಟುತ್ತದೆ, ಅಷ್ಟೇ. ಆಮೇಲೆ ಉಪ್ಪುನೀರಿನಿಂದ ತೊಳೆದು, ಹೊರಗೆ ಅಂಟಿದ್ದನ್ನೆಲ್ಲ ಕಿತ್ತುಹಾಕುವ ಕಿಣ್ವವೊಂದನ್ನು ಹಾಕಬೇಕು. ಕೆಲವು ದಿನ ಬಿಟ್ಟು ಕೋಶಗಳಿಗೆ ನೇರಳೆ ಬಣ್ಣ ಹಾಕಿದರೆ, ವೈರಸ್ ಒಳಹೊಕ್ಕು ಕೊಂದ ಜಾಗಗಳೆಲ್ಲ ಬಣ್ಣವಿಲ್ಲದ ತೂತುಗಳಾಗಿ ಕಾಣುತ್ತವೆ. ತೂತು ಕಂಡರೆ, ಆ ತಂಪಿನಲ್ಲೂ ವೈರಸ್ ಒಳಗೆ ಹೋಗಿತ್ತು, ಅಂದರೆ ನುಂಗುವ ಕೋಶದ ಹಂಗಿಲ್ಲದೆ ತಾನೇ ನುಗ್ಗಿತ್ತು ಎಂದರ್ಥ.

ಈ ಪ್ರಯೋಗಕ್ಕೆಂದು ಕೋಶ ಬೆಳೆಸಿದ ನಮ್ಮ ಪ್ಲೇಟುಗಳಲ್ಲಿ ಯಾವಾಗಲೂ ತೂತು ಕಾಣುತ್ತಿದ್ದವು. ಐಸ್ ತಯಾರಿಸುವ ಯಂತ್ರ ಕೆಟ್ಟಾಗ ಶಿವಾಜಿನಗರದ ಐಸ್ ಫ್ಯಾಕ್ಟರಿಯಿಂದ ಗೋಣಿಚೀಲದಲ್ಲಿ ಗಡ್ಡೆ ತರುತ್ತಿದ್ದೆ. ಅಲ್ಲಿಯವನು ನಮ್ಮದು ಮೀನಿನ ವ್ಯಾಪಾರವೆಂದೇ ನಂಬಿದ್ದ. "ಆಜ್ ಕೌನ್ಸಿ ಮಚ್ಲಿ ಅಮ್ಮಾ?" ಎಂದು ಹೋದಾಗಲೆಲ್ಲ ಕೇಳುತ್ತಿದ್ದ, ನಾನೂ ಬಾಯಿಗೆ ಬಂದ ಮೀನಿನ ಹೆಸರು ಹೇಳುತ್ತಿದ್ದೆ. ಯಾವ ಐಸ್ ತಂದರೂ ಉತ್ತರ ಒಂದೇ: ವೈರಸ್ ಗೋಡೆ ಕೊರೆದೇ ಬರುತ್ತದೆ. ಸೀತಾಪತಿಯವರು ಅದನ್ನು ಬರೆದರು, ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಬೇರೆ ದೇಶದ ಕೆಲವರು, ನಮ್ಮ ಕೈಯಲ್ಲಿ ಹೀಗಾಗುವುದಿಲ್ಲ, ನುಂಗಿದರಷ್ಟೇ ಒಳಗೆ ಹೋಗುತ್ತದೆ ಎಂದು ಬರೆದಾಗ ಅವರು ಜಗ್ಗಲಿಲ್ಲ. "ಅವರ ಕೋಶ ಅರೆಜೀವದವು. ನಮ್ಮ ಕೋಶ ನೋಡ್ಲಿ ಬಂದು," ಎನ್ನುತ್ತಿದ್ದರು. ನಮಗೂ ಹೆಮ್ಮೆ. ಆ ಪ್ಲೇಟುಗಳೆಲ್ಲ ಮೇರಿಯಮ್ಮನ ಕೈಯಲ್ಲಿ ಆದವು. ಆಕೆ ನಿವೃತ್ತರಾದ ಮೇಲೆ ಅದೇ ಕ್ರಮದಲ್ಲಿ, ಒಂದಿಷ್ಟೂ ಬದಲಿಸದೆ, ನಾವು ಮುಂದುವರಿಸಿದೆವು.

ಆ ಹೊತ್ತಿಗೆ ಧಾರವಾಡದ ಕಡೆಯಿಂದ ಬಸವರಾಜ ಬಂದ, ಪಿಎಚ್.ಡಿ. ಮಾಡಲು. ಹಲಸೂರಿನಲ್ಲಿ ಒಂದು ಕೋಣೆ, ಡಬ್ಬಿಯಲ್ಲಿ ಊರಿನ ಶೇಂಗಾ ಚಟ್ನಿಪುಡಿ, ನನಗೆ "ಅಕ್ಕಾರ" ಎನ್ನುವ ಬಾಯಿ. ಅವನ ಕೆಲಸ ಸುಲಭದ್ದೆಂದೇ ಎಲ್ಲರೂ ತಿಳಿದಿದ್ದೆವು. ಗೋಡೆ ಕೊರೆಯುವ ವೈರಸ್ಸಿನ ಬಗ್ಗೆ ಸೀತಾಪತಿಯವರು ಹೇಳಿದ್ದನ್ನು ಇನ್ನಷ್ಟು ಗಟ್ಟಿ ಮಾಡಬೇಕು, ಪ್ರಬಂಧ ಬರೆಯಬೇಕು, ಅವರ ಸಹಿ ಪಡೆಯಬೇಕು. ಶಿಷ್ಯವೇತನ ಮುಗಿಯುವ ಕಾಲ ಹತ್ತಿರ ಬಂದಿತ್ತು. ಕೊನೆಯ ಅಧ್ಯಾಯ ಒಂದು ಉಳಿದಿತ್ತು.

ಆಗ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಆ ವರ್ಷಗಳಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ನಮ್ಮ ಜನರೇಟರಿನಿಂದ ಕೋಶಗಳ ಕಪಾಟು ಮತ್ತು ಫ್ರೀಜರುಗಳು ನಡೆಯುತ್ತಿದ್ದವು, ಬಿಸಿನೀರಿನ ತೊಟ್ಟಿಗೆ ಅದರ ಸಂಪರ್ಕವಿರಲಿಲ್ಲ. ಬಸವರಾಜನ ಪ್ಲೇಟುಗಳು ಐಸಿನ ಮೇಲಿದ್ದವು, ವೈರಸ್ ಅಂಟುವ ಸಮಯ ಮುಗಿದಿತ್ತು. ತೊಳೆಯುವ ಉಪ್ಪುನೀರು ಕಾದೇ ಇಲ್ಲ. ಕಾಯುತ್ತ ಕೂತರೆ ಪ್ರಯೋಗ ಹಾಳು. ಅವನು ಫ್ರಿಜ್ಜಿನ ತಣ್ಣನೆ ಬಾಟಲಿಯನ್ನೇ ತೆಗೆದು ತೊಳೆದ.

"ಮೇರಿಯಮ್ಮ ನೋಡಿದ್ರೆ ನಿನ್ ಕಥೆ ಮುಗೀತು," ಎಂದೆ.

"ಅವ್ವಾರಿಗೆ ಹೇಳಬ್ಯಾಡ್ರಿ ಅಕ್ಕಾರ," ಎಂದು ಕೈಮುಗಿದ.

ಬಣ್ಣ ಹಾಕಿದ ದಿನ ಅವನು ನನ್ನನ್ನು ಕರೆದ. ಕಿಣ್ವ ಹಾಕಿದ್ದ ಪ್ಲೇಟುಗಳೆಲ್ಲ ಅಂಚಿನಿಂದ ಅಂಚಿಗೆ ನೇರಳೆ, ಒಂದು ತೂತೂ ಇಲ್ಲ. ಕೋಶಗಳು ಸತ್ತಿದ್ದರೆ ಬಣ್ಣವೇ ಹಿಡಿಯುತ್ತಿರಲಿಲ್ಲ, ಆದ್ದರಿಂದ ಅವು ಚೆನ್ನಾಗಿಯೇ ಇದ್ದವು. ವೈರಸ್ ಕೆಟ್ಟಿರಬಹುದೇ? ಅದೂ ಇಲ್ಲ. ಕಿಣ್ವ ಹಾಕದೆ ಬಿಟ್ಟಿದ್ದ ಜೋಡಿ ಪ್ಲೇಟಿನಲ್ಲಿ ಎಂದಿನಂತೆ ತೂತುಗಳಿದ್ದವು. ಅಂದರೆ ವೈರಸ್ ಬಾಗಿಲಲ್ಲಿ ಕೂತಿತ್ತು, ಒಳಗೆ ಹೋಗಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕರೆಂಟು ಬಂದ ಮೇಲೆ ಮತ್ತೆ ಮಾಡಿದೆವು, ಅರ್ಧ ಪ್ಲೇಟುಗಳನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಅರ್ಧ ತಣ್ಣನೆಯದರಲ್ಲಿ. ಬೆಚ್ಚಗಿನವುಗಳಲ್ಲಿ ತೂತು, ತಣ್ಣನೆಯವು ಸ್ವಚ್ಛ. ಮೂರನೆಯ ಸಲವೂ ಅದೇ.

ಐಸಿನ ಮೇಲೆ ಮಂಕಾಗಿ ಕೂತಿದ್ದ ಕೋಶಕ್ಕೆ ನಾವೇ ಬೆಚ್ಚಗಿನ ನೀರು ಹಾಕಿ ಎಬ್ಬಿಸುತ್ತಿದ್ದೆವು. ಎದ್ದ ಕೋಶ ಬಾಗಿಲಲ್ಲಿದ್ದುದನ್ನು ನುಂಗಿಕೊಳ್ಳುತ್ತಿತ್ತು. ಆಮೇಲೆ ಹೊರಗಿನದನ್ನು ಕಿತ್ತು ಏನು ಪ್ರಯೋಜನ? ಇಷ್ಟು ಸರಳ. ಬೇರೆ ಪ್ರಯೋಗಾಲಯದವರು ಯಾರೂ ಮಾಡದ ತಪ್ಪು, ಯಾಕೆಂದರೆ ಬೇರೆ ಯಾರಿಗೂ ಮೇರಿಯಮ್ಮ ಇರಲಿಲ್ಲ. ಅತಿ ಅಕ್ಕರೆಯಿಂದ ಸಾಕಿದ ಮನೆಯಲ್ಲಿ ಮಾತ್ರ ಆಗುವ ತಪ್ಪು ಅದು.

ಶಿವಾಜಿನಗರ ಬಸ್ ನಿಲ್ದಾಣದ ಪಕ್ಕದ ಬೇಕರಿಯಲ್ಲಿ ಚಹಾ ಕುಡಿಯುತ್ತ ಬಸವರಾಜ ಬನ್ನನ್ನು ತಿನ್ನದೆ ಪುಡಿ ಮಾಡುತ್ತ ಕೂತಿದ್ದ.

"ಇದನ್ನ ಬರದ್ರ ಸರ್ ಸಹಿ ಹಾಕಂಗಿಲ್ರಿ ಅಕ್ಕಾರ. ಬರೀಲಿಲ್ಲಂದ್ರ ನನಗ ನಿದ್ದಿ ಹತ್ತಂಗಿಲ್ಲ."

"ಬರೀದೆ ಇದ್ರೆ ಡಿಗ್ರಿ ಸಿಗುತ್ತಲ್ಲೋ," ಎಂದೆ, ಅವನ ಮನಸ್ಸು ನೋಡಲು.

"ಸಿಗತೈತ್ರಿ. ಗ್ವಾಡ್ಯಾಗ ಹಾಕ್ಕೊಂಡು ದಿನಾ ನೋಡಬೇಕಲ್ರಿ ಅದನ್ನ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನು ಹೋಗುತ್ತೇನೆಂದೆ. ನನ್ನದು ಕಾಯಂ ನೌಕರಿ, ಬೈದರೆ ಬೈಸಿಕೊಂಡು ಬರಬಹುದು. ಅವನು ಒಪ್ಪಲಿಲ್ಲ. ಪ್ಲೇಟುಗಳನ್ನು ಟ್ರೇನಲ್ಲಿಟ್ಟುಕೊಂಡು ತಾನೇ ಸೀತಾಪತಿಯವರ ಕೋಣೆಗೆ ಹೋದ, ನಾನು ಬಾಗಿಲಲ್ಲಿ ನಿಂತೆ. ಅವರು ಪ್ಲೇಟುಗಳನ್ನು ಬೆಳಕಿಗೆ ಹಿಡಿದು ನೋಡಲೂ ಇಲ್ಲ.

"ತಣ್ಣೀರ್ ಸುರಿದು ಕೋಶಕ್ಕೆ ಲಕ್ವ ಹೊಡ್ಸಿದೀರಿ. ಅದು ನಿಮ್ಮ ಸಂಶೋಧನೆ!"

"ಕೋಶ ಜೀವಂತ ಅದಾವ್ರಿ ಸರ್. ಬಣ್ಣ ಹಿಡದಾವ್ರಿ."

"ಅಂದ್ರೆ ಇಷ್ಟು ವರ್ಷ ಇಡೀ ಲ್ಯಾಬ್ ಕುರುಡಾಗಿತ್ತಾ? ಕಣ್ಣಿರೋರು ನೀವೊಬ್ರೇ ಬಂದ್ರಾ?"

ಬಸವರಾಜ ಟ್ರೇಯನ್ನು ಮೇಜಿನ ಮೇಲೆ ಬಿಟ್ಟು ಈಚೆ ಬಂದ. ಆಮೇಲೆ ಸೀತಾಪತಿಯವರು ನಮ್ಮಿಬ್ಬರ ಜೊತೆ ಮಾತು ಬಿಟ್ಟರು. ಬೈಗುಳವೂ ಇಲ್ಲ. ಬೆಳಗಿನ "ಬುದ್ಧಿ ಮನೇಲಿ ಬಿಟ್ ಬಂದ್ರೇನ್ರೀ" ಕೇಳದೆ ನನಗೆ ದಿನ ಆರಂಭವಾದಂತೆಯೇ ಅನ್ನಿಸುತ್ತಿರಲಿಲ್ಲ. ಬಸವರಾಜ ಮಹದೇವಪುರದ ಕಡೆಯ ಔಷಧ ಕಂಪನಿಯೊಂದಕ್ಕೆ ಹೋಗಿ ಕೆಲಸ ಕೇಳಿ ಬಂದ. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದ. ನನಗೆ ಸಿಟ್ಟು, ಸಂಕಟ ಎರಡೂ ಇತ್ತು. ಸೀತಾಪತಿಯವರ ಮೇಲೆ ಸಿಟ್ಟು, ಅವರಿಗಾಗಿಯೇ ಸಂಕಟ. ಅವರ ನಿವೃತ್ತಿಯೂ ದೂರವಿರಲಿಲ್ಲ. ಜೀವಮಾನದಲ್ಲಿ ಒಂದೇ ದೊಡ್ಡ ಮಾತು ಹೇಳಿದ ಮನುಷ್ಯ, ಅದನ್ನೇ ಕಿತ್ತುಕೊಂಡರೆ ಇನ್ನೇನು ಉಳಿಯುತ್ತದೆ?

ಒಂದು ಶನಿವಾರ ಬೆಳಿಗ್ಗೆ ಅವರು ಪ್ರಯೋಗದ ಕೋಣೆಗೆ ಬಂದು ನಿಂತರು.

"ವನಜಾ ಅವ್ರೇ, ನನ್ನ ಅಳತೆದು ಒಂದು ಕೋಟ್ ಇದ್ಯಾ?"

ಅವರು ಪಿಪೆಟ್ ಹಿಡಿದು ವರ್ಷಗಳಾಗಿದ್ದವು. ಕೋಟು ತಂದುಕೊಟ್ಟೆ. ಬಸವರಾಜ ಸಹಾಯಕ್ಕೆ ಹೋದರೆ ಕೈಸನ್ನೆಯಲ್ಲೇ ತಡೆದರು. "ಮೇರಿಯಮ್ಮ ಹೇಗ್ ಮಾಡ್ತಿದ್ರೋ ಹಾಗೇ ಹೇಳ್ತಾ ಹೋಗಿ. ಏನೂ ಸೇರಿಸ್ಬೇಡಿ, ಏನೂ ಬಿಡ್ಬೇಡಿ," ಎಂದರು. ನಾನು ಹೇಳುತ್ತ ಹೋದೆ, ಅವರು ಮಾಡುತ್ತ ಹೋದರು. ಐಸು, ಅದರ ಮೇಲೆ ಪ್ಲೇಟು, ಪ್ಲೇಟಿಗೆ ವೈರಸ್ಸು. ಒಂದು ಹನಿಯೂ ತಪ್ಪಲಿಲ್ಲ. ಅಂಟುವ ಸಮಯ ಮುಗಿಯುವವರೆಗೆ ಬಲಗೈಯಿಂದ ಪ್ಲೇಟುಗಳನ್ನು ಐಸಿಗೆ ಒತ್ತಿ ಹಿಡಿದು ಕೂತರು.

"ಈಗ ತೊಳೀಬೇಕು ಸರ್," ಎಂದೆ.

ಅವರು ತೊಟ್ಟಿಯಿಂದ ಬಾಟಲಿ ತೆಗೆದರು. ಯೋಚಿಸದೆ, ನಾವೆಲ್ಲ ಮಾಡುವಂತೆಯೇ, ಎಡ ಮಣಿಕಟ್ಟಿಗೆ ಒಂದು ಹನಿ ಬಿಟ್ಟುಕೊಂಡರು. ಹಾಗೇ ನಿಂತುಬಿಟ್ಟರು. ಅವರ ಬಲಗೈ ಅಷ್ಟು ಹೊತ್ತು ಐಸಿನ ಮೇಲಿದ್ದು ಬೆರಳುಗಳೆಲ್ಲ ಕೆಂಪಾಗಿದ್ದವು. ಆ ಬೆರಳುಗಳನ್ನೂ ಮಣಿಕಟ್ಟಿನ ಹನಿಯನ್ನೂ ನೋಡಿದರು. ಆಮೇಲೆ ಐಸಿನ ತಟ್ಟೆ ನೋಡಿದರು.

"ಅಯ್ಯೋ," ಎಂದರು, ತಮಗೆ ಮಾತ್ರ ಕೇಳುವ ಹಾಗೆ.

ಅರ್ಧ ಪ್ಲೇಟುಗಳನ್ನು ಆ ನೀರಿನಲ್ಲಿ, ಅರ್ಧವನ್ನು ಫ್ರಿಜ್ಜಿನ ನೀರಿನಲ್ಲಿ ತೊಳೆದು ಪ್ರಯೋಗ ಮುಗಿಸಿದರು. ಬಣ್ಣ ಹಾಕುವ ದಿನವೂ ಬಂದು ತೂತುಗಳನ್ನು ತಾವೇ ಎಣಿಸಿದರು. ನಮ್ಮ ಉತ್ತರವೇ ಬಂತು. ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಬಸವರಾಜನನ್ನು ಕರೆದರು.

"ಪೆಟ್ಟಿಗೆ ಕಟ್ಟಿದೀರಂತೆ, ಬಿಚ್ಚಿ. ಕೊನೇ ಅಧ್ಯಾಯ ಇದೇ."

"ಸರ್, ಹಿಂದಿನ ಕೆಲವು ಅಧ್ಯಯನಗಳು ಅಂತ ಬರದು, ಹೆಸರು ಹಾಕದ..."

"ಹೆಸರು ಹಾಕ್ಬೇಕು. ಸೀತಾಪತಿ ಹೇಳಿದ್ದು ತಪ್ಪು, ಈ ಕಾರಣಕ್ಕೆ ತಪ್ಪು ಅಂತ ಬರೀಬೇಕು. ಮೆತ್ತಗೆ ಬರೆದ್ರೆ ನಾನು ಸಹಿ ಹಾಕಲ್ಲ. ಬುದ್ಧಿ ಮನೇಲಿ ಬಿಟ್ ಬಂದಿದೀರಾ?"

ಆ ಬೈಗುಳ ಕೇಳಿ ನನಗೆ ಅಳುವೇ ಬಂತು. ಬಸವರಾಜ ಗೋಡೆ ಕಡೆ ಮುಖ ತಿರುಗಿಸಿಕೊಂಡ.

ಸೀತಾಪತಿಯವರು ಪತ್ರಿಕೆಗೂ ತಿದ್ದುಪಡಿ ಬರೆದು ಕಳಿಸಿದರು. ಆಮೇಲೆ ನಮ್ಮ ಸಭಾಂಗಣದಲ್ಲಿ ಎಲ್ಲರ ಮುಂದೆ ನಿಂತು, ತಾವು ಹೇಳಿದ್ದು ಯಾಕೆ ಸುಳ್ಳಾಯಿತೆಂದು ಚಿತ್ರ ಬರೆದು ತೋರಿಸಿದರು. ಹೊರಗಿನಿಂದ ಬಂದಿದ್ದ ದೊಡ್ಡ ವಿಜ್ಞಾನಿಯೊಬ್ಬರು ಸಮಾಧಾನ ಹೇಳುವವರಂತೆ ಎದ್ದು, "ಬಿಡಿ ಡಾಕ್ಟ್ರೇ, ಟೆಕ್ನಿಷಿಯನ್ ಮಾಡಿದ ತಪ್ಪಿಗೆ ನೀವೇನ್ ಮಾಡೋಕಾಗುತ್ತೆ," ಎಂದರು. ಕೊನೆಯ ಸಾಲಿನಲ್ಲಿದ್ದ ನನಗೆ ಮೈಯೆಲ್ಲ ಉರಿಯಿತು. ಸೀತಾಪತಿಯವರು ಸೀಮೆಸುಣ್ಣ ಕೆಳಗಿಟ್ಟರು.

"ಇಲ್ಲ ಸ್ವಾಮಿ. ನೀರು ಬೆಚ್ಚಗೆ ಯಾಕಿರ್ಬೇಕು ಅಂತ ಆಕೆಗೆ ಗೊತ್ತಿತ್ತು. ಐಸ್ ಯಾಕೆ ಇಡ್ತಾ ಇದ್ದೀವಿ ಅಂತ ಗೊತ್ತಿರ್ಬೇಕಾಗಿದ್ದು ನನಗೆ. ಆಮೇಲೆ ಏನ್ ಹಾಕ್ತಾರೆ ಅಂತ ನಾನು ನೋಡ್ಲೇ ಇಲ್ಲ."

ಮೂವತ್ತು ನಲವತ್ತು ಜನರ ಮುಂದೆ ಹೇಳಿದ ಮಾತು. ಬಡ್ತಿ, ಪ್ರಶಸ್ತಿ ಪತ್ರ ಎಂದು ನನಗೂ ಏನೇನೋ ಬಂದವು, ಅವು ಯಾವ ವರ್ಷ ಬಂದವೆಂದು ಈಗ ನೆನಪಿಲ್ಲ. ಆ ಮಾತು ಮಾತ್ರ ಅಕ್ಷರ ಅಕ್ಷರವಾಗಿ ನೆನಪಿದೆ. ಅಂಥವರ ಕೈಕೆಳಗೆ ದುಡಿದೆನಲ್ಲ ಎಂಬ ಸಂತೋಷ ಇವತ್ತಿಗೂ ಇದೆ.

ಎರಡು ಸಾವಿರದ ಇಸವಿಯ ನಂತರ ಕೆಲಸದ ರೀತಿಯೇ ಬದಲಾಯಿತು. ಹೆಬ್ಬಾತುಗಳು ಹೋದವು, ಅವುಗಳ ಜಾಗಕ್ಕೆ ಪೆಟ್ಟಿಗೆಯಲ್ಲಿ ಬರುವ ಕಿಟ್ಟುಗಳು ಬಂದವು. ಹಿತ್ತಲು ಬಿಕೋ ಎನ್ನುತ್ತಿತ್ತು. ಮೈಯೆಲ್ಲ ಬೇರೆಯದಾಗಿದ್ದು ಹೊದಿಕೆ ಮಾತ್ರ ನಮ್ಮ ವೈರಸ್ಸಿನದಾಗಿರುವ ಹುಸಿ ವೈರಸ್ ಬಂತು. ಅದು ಕೋಶದೊಳಗೆ ಹೋದರೆ ರೋಗ ತರುವುದಿಲ್ಲ, ಹಸಿರು ಬೆಳಕು ಬೀರುತ್ತದೆ. ದಿನಗಟ್ಟಲೆ ಕಾದು ತೂತು ಎಣಿಸುತ್ತಿದ್ದವಳಿಗೆ, ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಕೋಶಗಳು ಹಸಿರಾಗಿ ಹೊಳೆದದ್ದನ್ನು ನೋಡಿದಾಗ ಅಲ್ಲಿಂದ ಏಳಲು ಮನಸ್ಸೇ ಆಗಲಿಲ್ಲ. ಬಣ್ಣ ಹಚ್ಚಿದ ವೈರಸ್ಸು ಬಾಗಿಲಲ್ಲಿ ಕೂತಿರುವುದು, ಚೀಲದೊಳಗೆ ಸೇರುವುದು, ಚೀಲ ಹುಳಿಯಾಗುತ್ತಿದ್ದಂತೆ ತನ್ನ ಹೊದಿಕೆ ಬಿಚ್ಚುವುದು, ಎಲ್ಲವನ್ನೂ ಕಣ್ಣಾರೆ ಕಂಡೆ. ಬಸವರಾಜ ಹೇಳಿದ್ದೇ ನಿಜವಾಗಿತ್ತು. ಅವನು ಅಷ್ಟರಲ್ಲಿ ಬೇರೆ ಊರಿನಲ್ಲಿ ತನ್ನದೇ ಪ್ರಯೋಗಾಲಯ ಕಟ್ಟಿಕೊಂಡಿದ್ದ. ಫೋನು ಮಾಡಿ ಹೇಳಿದರೆ, "ಕರೆಂಟ್ ಕಂಪನಿಯವರಿಗೆ ಒಂದು ಹಾರ ಹಾಕ್ರಿ ಅಕ್ಕಾರ," ಎಂದು ನಕ್ಕ.

ಎಷ್ಟೇ ಯಂತ್ರ ಬಂದರೂ ನಮ್ಮಲ್ಲಿ ಎರಡು ಬಾಟಲಿ ಮಾತ್ರ ಹಾಗೇ ಉಳಿದವು. ತೊಟ್ಟಿಯ ಬೆಚ್ಚಗಿನ ಬಾಟಲಿಯ ಮೇಲೆ "ಮೇರಿ" ಎಂದು, ಐಸಿನಲ್ಲಿಡುವ ಬಾಟಲಿಯ ಮೇಲೆ "ಸೀತಾಪತಿ" ಎಂದು ಬರೆದಿರುತ್ತಿತ್ತು. ಪ್ರಯೋಗ ಮಾಡುವವರು ಯಾವುದನ್ನು ಎತ್ತಿಕೊಂಡರೂ ಒಂದು ಕ್ಷಣ ನಿಂತು ಓದಲೇಬೇಕು. ನನ್ನ ನಿವೃತ್ತಿಯ ವರ್ಷ ದಾವಣಗೆರೆಯಿಂದ ಬಂದಿದ್ದ ಹುಡುಗಿಯೊಬ್ಬಳು, "ಮೇಡಂ, ಸೀತಾಪತಿ ಅಂದ್ರೆ ಯಾವ ಕಂಪನಿ?" ಎಂದು ಕೇಳಿದಳು. ಅವಳಿಗೆ ಒಂದು ಭಾನುವಾರದ ವಿಷಯ ಹೇಳಿದೆ. ಅದನ್ನೇ ಇಲ್ಲೂ ಹೇಳಿ ಮುಗಿಸುತ್ತೇನೆ.

ಸಭೆಯಲ್ಲಿ ಹೇಳಿಯಾದ ಮೇಲೂ ಸೀತಾಪತಿಯವರಿಗೆ ಸಮಾಧಾನವಿರಲಿಲ್ಲ. ಈ ಸುದ್ದಿ ಬೇರೆಯವರ ಬಾಯಿಂದ ಮೇರಿಯಮ್ಮನ ಕಿವಿಗೆ ಬೀಳಬಾರದು, ತಾವೇ ಹೋಗಿ ಹೇಳಬೇಕು ಎಂದು ನನ್ನನ್ನು ಜೊತೆಗೆ ಕರೆದರು. ಕ್ರಿಸ್‌ಮಸ್ ಹತ್ತಿರದ ಭಾನುವಾರ. ಹಲಸೂರಿನ ಓಣಿಯಲ್ಲಿ ಕಾಗದದ ನಕ್ಷತ್ರಗಳು ತೂಗುತ್ತಿದ್ದವು. ಮೇರಿಯಮ್ಮ ಇಸ್ತ್ರಿ ಸೀರೆಯಲ್ಲೇ ಕೂತು ಹಬ್ಬದ ಸಿಹಿ ತಿಂಡಿ ಕಲಕಲ ಕರಿಯುತ್ತಿದ್ದರು. ಎಣ್ಣೆಯ ಬಾಣಲೆ ಇಳಿಸಿ, ಕುರ್ಚಿ ಒರೆಸಿ ಕೂರಿಸಿದರು. ಸೀತಾಪತಿಯವರು ಕೈಕಟ್ಟಿಕೊಂಡು, ಕರೆಂಟು ಹೋದದ್ದರಿಂದ ಹಿಡಿದು ಒಂದೊಂದಾಗಿ ಎಲ್ಲವನ್ನೂ ಹೇಳಿದರು. ಮೇರಿಯಮ್ಮನಿಗೆ ಅರ್ಥವಾಗದೆ ಹೋಗಲೆಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಪೂರ್ತಿ ಅರ್ಥವಾಗಿತ್ತು.

"ಹಾಗಾದ್ರೆ ಬಾಗ್ಲು ತೆಗ್ದಿದ್ದು ನಾನಾ ಸಾರ್?" ಎಂದು ಕೇಳಿದರು.

ಸೀತಾಪತಿಯವರು ಕುರ್ಚಿಯಿಂದ ಎದ್ದು ನಿಂತರು. "ಇಲ್ಲಮ್ಮ, ನಾನು. ನೀವು ಕೂಸು ಕಾಪಾಡಿದ್ರಿ. ಕಾವಲಿಗೆ ನಿಂತಿದ್ದು ನಾನು, ನೋಡ್ಲಿಲ್ಲ. ನನ್ನನ್ನ ಕ್ಷಮಿಸ್ಬೇಕು," ಎಂದು ಹೇಳುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು.

ಮೇರಿಯಮ್ಮ ಎದ್ದು ಅವರ ಎಡಗೈ ಹಿಡಿದುಕೊಂಡರು. ಅಂಗೈ ಮೇಲೆ ಮಾಡಿ ಮಣಿಕಟ್ಟಿನ ಒಳಭಾಗಕ್ಕೆ ಎರಡು ಬೆರಳಿಟ್ಟು, ಬಾಟಲಿ ನೋಡುವಾಗಿನ ಅದೇ ಮುಖದಲ್ಲಿ ಒಂದು ಕ್ಷಣ ನಿಂತರು.

"ಎಷ್ಟ್ ತಣ್ಣಗಿದೆ ನೋಡು ಕಣ್ಣು," ಎಂದರು ನನ್ನ ಕಡೆ ತಿರುಗಿ. "ಸಾರ್‌ಗೆ ಮೊದ್ಲು ಬಿಸಿ ಕಾಫಿ ತಾ. ಮಾತು ಆಮೇಲಾಗ್ಲಿ."

ಸೋಮವಾರ ನಾನು ಕೆಲಸಕ್ಕೆ ಹೋದಾಗ ಎರಡು ಬಾಟಲಿಗಳ ಮೇಲೂ ಹೆಸರು ಬರೆದಿತ್ತು. ಅಕ್ಷರ ಸೀತಾಪತಿಯವರದು.